ಯಲ್ಲಕ್ಕನ ರೊಪ್ಪಕ್ಕೆ ಬಂದವರು

ಹರಿಯಬ್ಬೆ ಕಡೆಯ ಆ ಹಟ್ಟಿಯಲ್ಲಿ ಯಲ್ಲಕ್ಕನ ಬಾಯಿಗೆ ಹೆದರದಿದ್ದವು ಅವಳ ಕುರಿಗಳು ಮಾತ್ರ. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಟ್ಟಿಯ ಮುಳ್ಳುಬೇಲಿಯಿಂದ ಒಂದು ಕೂಗಿನಷ್ಟು ದೂರದಲ್ಲಿ ಕುರಿಗಳನ್ನು ಕೂಡುವ ರೊಪ್ಪ, ಅದಕ್ಕೆ ಅಂಟಿದ ಒಂದು ಗುಡಿಸಲು, ಅದೇ ಅವಳ ಸಂಸಾರ. ಹಟ್ಟಿಯ ಗಂಡಸರನ್ನು ಅವಳು ಎರಡೇ ಜಾತಿ ಮಾಡಿದ್ದಳು: ಜೈಲಿಗೆ ಹೋಗಿ ಬಂದವರು, ಹೋಗಬೇಕಾಗಿದ್ದೂ ಹೋಗದೆ ಉಳಿದವರು. ಮೊದಲನೆಯವರ ಮೇಲೆ ಅವಳಿಗೆ ಒಂದಿಷ್ಟು ಮರ್ಯಾದೆಯಿತ್ತು.

ಹಟ್ಟಿಯ ಕಟ್ಟಳೆ ಹೀಗಿತ್ತು. ಜೈಲಿನಿಂದ ಬಂದವನು ನೇರವಾಗಿ ಬೇಲಿಯೊಳಗೆ ಕಾಲಿಡುವಂತಿಲ್ಲ. ಯಾರ ತಲೆ ಒಡೆದೆ, ಯಾರ ಎತ್ತು ಹೊಡೆದೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದೆಲ್ಲ ಸರ್ಕಾರದ ಬಾಬತ್ತು. ಹಿರಿಯರು ಕೇಳುತ್ತಿದ್ದುದು ಒಂದೇ ಮಾತು: ಅಲ್ಲಿ ಯಾರ ಕೈಯಡಿಗೆ ಉಂಡೆ? ಬಂದವನು ಬೇಲಿಯಾಚೆ ನಿಂತು, ದೇವರ ಮೇಲೆ ಆಣೆಯಿಟ್ಟು, ಬೇಯಿಸಿ ಬಡಿಸಿದವನ ಹೆಸರು ಹೇಳಬೇಕು. ಅವನ ಕುಲ ತಿಳಿಯದೆ ಯಾವ ಮೈಲಿಗೆಯನ್ನು ಸುಡುವುದು ಎಂಬುದು ಹಿರಿಯರ ವಾದ. ಹೆಸರು ಹೇಳಿದ ಮೇಲೆ ಹುಲ್ಲಿನ ಪುಟ್ಟ ಗುಡಿಸಲುಗಳನ್ನು ಕಟ್ಟಿ ಬೆಂಕಿಯಿಟ್ಟು, ಅವುಗಳ ನಡುವೆ ಅವನನ್ನು ಓಡಿಸಿ, ಗಂಜಲ ಚಿಮುಕಿಸಿ ಒಳಗೆ ಕರೆದುಕೊಳ್ಳುವರು. ಹೇಳದಿದ್ದರೆ ಸಾಯುವತನಕ ಹೊರಗೇ.

"ಕೊಂದ ಕೈ ಶುದ್ಧ, ಉಂಡ ಬಾಯಿ ಮೈಲಿಗೆ. ಬಲೇ ಬುದ್ಧಿವಂತರು ಕಣ್ರಪ್ಪ ನೀವು!" ಎಂದು ಯಲ್ಲಕ್ಕ ಅವರ ಮುಖಕ್ಕೇ ಅಂದಿದ್ದಳು. ಅವರು ತಲೆ ಬಗ್ಗಿಸಿ ಎಲೆಯಡಿಕೆ ಜಗಿದರು. ಅವಳ ಮಾತಿಗೆ ಉತ್ತರ ಕೊಟ್ಟು ಗೆದ್ದವರು ಆ ಸೀಮೆಯಲ್ಲಿ ಇರಲಿಲ್ಲ.

ಹೀಗೆ ಹೊರಗೆ ನಿಂತವರಿಗೆ ಯಲ್ಲಕ್ಕನ ರೊಪ್ಪವೇ ಗತಿ. ಬಿಡುಗಡೆಯ ದಿನ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತುವಳು. ಜೈಲಿನ ಬಾಗಿಲಲ್ಲಿ ಅವನನ್ನು ನಾಲ್ಕು ಮಾತು ಬೈದು, ಹಿರಿಯೂರಿನಲ್ಲಿ ಕ್ಷೌರ ಮಾಡಿಸಿ, ರೊಪ್ಪಕ್ಕೆ ಕರೆತಂದು ಎಳೆಯ ಮರಿಗಳನ್ನು ಅವನ ವಶಕ್ಕೆ ಕೊಡುವಳು. "ಕುರಿ ಮಂದೆ ನೀನು ಎಲ್ಲಿದ್ದೆ ಅಂತ ಕೇಳಾಕಿಲ್ಲ. ಹಸಿವಾದ್ರೆ ಅರಚ್ತಾವೆ, ಮೇವು ಹಾಕು" ಎನ್ನುವಳು. ಜುಂಜಯ್ಯನೆಂಬುವನು ಆರು ತಿಂಗಳು ಚಿತ್ರದುರ್ಗದ ಜೈಲಿನಲ್ಲಿದ್ದು ಬಂದು, ಅವಳ ರೊಪ್ಪದಲ್ಲಿ ಒಂದು ಬೇಸಿಗೆ ಕಳೆದು ಮತ್ತೆ ಮನುಷ್ಯನಾಗಿದ್ದ. ಆಮೇಲೆ ಹೆಸರು ಹೇಳಿ ಬೆಂಕಿ ಹಾದು ಒಳಗೆ ಹೋದ ಅವನೂ ಈಗ ಹಿರಿಯರ ಸಾಲಿನಲ್ಲಿ ಕುಳಿತು ಮೀಸೆ ತಿರುವುತ್ತಿದ್ದ. ಅದಕ್ಕೂ ಯಲ್ಲಕ್ಕ ಉಗಿದಿದ್ದಳು.

ಎಪ್ಪತ್ತಾರನೇ ಇಸವಿಯಲ್ಲಿ ಅವಳ ಮೈದುನ ಚಿತ್ತಪ್ಪ ಬಳ್ಳಾರಿ ಜೈಲಿನಿಂದ ಬಂದ. ಹುಲ್ಲುಗಾವಲಿನ ಜಗಳದಲ್ಲಿ ಅವನು ಬೀಸಿದ ದೊಣ್ಣೆ ಒಬ್ಬನ ತಲೆಗೆ ಬಿದ್ದು, ಆ ಮನುಷ್ಯ ಮೂರನೇ ದಿನ ಸತ್ತಿದ್ದ. ಐದು ವರ್ಷ ಕಳೆದು ಬಂದ ಚಿತ್ತಪ್ಪನಿಗೆ ಬೇಲಿಯೊಳಗೆ ಹೆಂಡತಿ ಜಯಕ್ಕ, ಹೋಗುವಾಗ ಹಾಲು ಕುಡಿಯುತ್ತಿದ್ದ ಮಗಳು. ಜಯಕ್ಕ ದಿನವೂ ಬೇಲಿಯ ಬಾಗಿಲಿಗೆ ಮುದ್ದೆ ತಂದಿಟ್ಟು ಹಿಂದೆ ಸರಿಯುವಳು. ಅವನು ಬಂದು ಎತ್ತಿಕೊಳ್ಳುವನು. ಮಗಳು ತಾಯಿಯ ಸೀರೆ ಹಿಡಿದು, ಕೋತಿ ಆಡಿಸುವವನನ್ನು ನೋಡುವಂತೆ ಅಪ್ಪನನ್ನು ನೋಡುವಳು. ಅವನಿಗೆ ಬೇಕಿದ್ದುದು ಇಷ್ಟೇ, ಒಂದು ಸಲ ಒಳಗೆ ಹೋಗಿ ಮಗಳನ್ನು ಎತ್ತಿಕೊಳ್ಳುವುದು.

"ಯಾವನೋ ಅಡಿಗೆಯೋನ ಹೆಸರು ಹೇಳಿ ಬೆಂಕಿ ಹಾದು ಒಳಗೋಗ್ಬಾರ್ದೇನೋ, ಮುಠ್ಠಾಳ?" ಎಂದು ಯಲ್ಲಕ್ಕ ರೇಗಿದಳು.

"ಆಗಾಕಿಲ್ಲ ಅತ್ತಿಗೆ."

ಎರಡು ದಿನ ಕಾಡಿದ ಮೇಲೆ, ಯಾರಿಗೂ ಹೇಳುವುದಿಲ್ಲವೆಂದು ಆಣೆ ಹಾಕಿಸಿಕೊಂಡು ಬಾಯಿಬಿಟ್ಟ. ಬಳ್ಳಾರಿ ಜೈಲಿನಲ್ಲಿ ಅವನಿಗೆ ಮುದ್ದೆ ಬಡಿಸಿದವನು ದುರುಗಣ್ಣ.

ಯಲ್ಲಕ್ಕನ ಕೈಯಲ್ಲಿದ್ದ ಕೋಲು ಕೆಳಗೆ ಬಿತ್ತು. ದುರುಗಣ್ಣ ಹಟ್ಟಿಯ ಯಜಮಾನ ಮುದ್ದಪ್ಪನ ತಮ್ಮ, ಹುಚ್ಚಕ್ಕನ ಕಿರಿಮಗ. ಚಿತ್ತಪ್ಪ ಜೈಲು ಸೇರಿದ ವರ್ಷವೇ ಅಣ್ಣತಮ್ಮಂದಿರು ಬಳ್ಳಾರಿ ಕಡೆಯ ಕರಿನೆಲಕ್ಕೆ ಮಂದೆ ಹೊಡೆದುಕೊಂಡು ಹೋಗಿದ್ದರು. ಮುದ್ದಪ್ಪ ಒಬ್ಬನೇ ತಿರುಗಿ ಬಂದು, ತಮ್ಮನಿಗೆ ಹಾವು ಕಚ್ಚಿತು, ಅಲ್ಲೇ ಮಣ್ಣು ಮಾಡಿದೆ ಎಂದು ಗೋಳಾಡಿದ್ದ. ತಿಥಿ ಮಾಡಿಸಿ ಇಡೀ ಹಟ್ಟಿಗೆ ಊಟ ಹಾಕಿಸಿದ್ದ. ಯಲ್ಲಕ್ಕನೂ ಉಂಡಿದ್ದಳು.

"ಎತ್ತಿನ ಕಳವು, ಅತ್ತಿಗೆ. ತಮ್ಮ ಕಳ್ಳ ಅಂದ್ರೆ ಯಜಮಾನಿಕೆ ಹೋಗ್ತೈತೆ ಅಂತ ಮುದ್ದಪ್ಪ ಬಾಯಲ್ಲೇ ಸಾಯಿಸ್ಬಿಟ್ಟವ್ನೆ. ದುರುಗಣ್ಣಂಗೂ ಗೊತ್ತೈತೆ, ಅಣ್ಣನೇ ಒಂದಿನ ಜೈಲಿಗೆ ಬಂದು ಹೇಳಿ ಹೋದ್ನಂತೆ. 'ಅವ್ವ ಅತ್ತು ಮುಗಿಸವ್ಳೆ, ತಿರುಗ ಅಳಿಸ್ಬ್ಯಾಡ ಚಿತ್ತಪ್ಪ' ಅಂತ ನನ್ ಕಾಲು ಹಿಡ್ಕಂಡ."

"ಹಂಗಾದ್ರೆ ಸುಳ್ಳು ಹೆಸ್ರು ಹೇಳು."

"ದೇವ್ರ ಮ್ಯಾಲೆ ಸುಳ್ಳು ಆಣೆ ನಾನು ಮಾಡಾಕಿಲ್ಲ."

ಯಲ್ಲಕ್ಕನಿಗೆ ಮೈಯೆಲ್ಲ ಉರಿಯಿತು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ಆ ಮುದ್ದಪ್ಪನನ್ನು ನೋಡಿಯೇ ಹುಟ್ಟಿರಬೇಕು. ಮನುಷ್ಯನನ್ನು ಕೊಂದು ಬಂದವನು ದೇವರಿಗೆ ಹೆದರುತ್ತಾನೆ. ಬದುಕಿದ ತಮ್ಮನಿಗೆ ಎಡೆಯಿಟ್ಟವನು ದೇವರ ಮುಂದೆ ಮೊದಲ ಸಾಲಿನಲ್ಲಿ ಕೂರುತ್ತಾನೆ. ಇಂಥ ಮಾತು ನಾಲಗೆಯ ತುದಿಯಲ್ಲಿದ್ದೂ ಬಾಯಿ ಮುಚ್ಚಿಕೊಂಡಿರುವುದು ಅವಳಿಗೆ ಅದೇ ಮೊದಲು. ಎಂಟು ದಿನ ಆ ಸಿಟ್ಟನ್ನೆಲ್ಲ ಕುರಿಗಳ ಮೇಲೆ ತೀರಿಸಿಕೊಂಡಳು.

ಸೋಮವಾರ ಬೆಳಿಗ್ಗೆ ಹಿರಿಯರು ಬೇಲಿಯ ಬಾಗಿಲಲ್ಲಿ ಕಂಬಳಿ ಹಾಸಿ ಕುಳಿತರು. ಹೆಂಗಸರು ಅವರ ಹಿಂದೆ ಗುಂಪಾಗಿ ನಿಂತರು. ಚಿತ್ತಪ್ಪ ಆಚೆ ಕೈಕಟ್ಟಿ ನಿಂತ, ಯಲ್ಲಕ್ಕ ಅವನ ಪಕ್ಕದಲ್ಲಿ. ಹುಲ್ಲಿನ ಗುಡಿಸಲುಗಳು ಸಿದ್ಧವಾಗಿದ್ದವು.

ಮುದ್ದಪ್ಪ ರುಮಾಲು ಸರಿಮಾಡಿಕೊಂಡು ಗಂಟಲು ಕೆರೆದ. ಇಂಥ ದಿನಗಳಲ್ಲಿ ಅವನ ದನಿಗೆ ಬೇರೆಯದೇ ಗತ್ತು ಬರುತ್ತಿತ್ತು. "ಹೇಳಪ್ಪ ಚಿತ್ತಪ್ಪ. ಐದು ವರ್ಸ ಯಾರ ಕೈಯಡಿಗೆ ಉಂಡೆ?"

ಚಿತ್ತಪ್ಪ ನೆಲ ನೋಡಿದ. ಮುದ್ದಪ್ಪ ಎರಡನೇ ಸಲ ಕೇಳಿದ, ಮೂರನೇ ಸಲ ಕೇಳಿದ.

"ಆತು ಬಿಡು. ಹೇಳಾಕೆ ಆಗ್ದಂಥ ಕೈ ಅಂದ್ರೆ ಎಂಥ ಕೈಯೋ! ಇನ್ನು ಇವ್ನು ಹೊರಗೇ. ಜಯಕ್ಕ ನಾಳಿಂದ ಮುದ್ದೆ ತರಂಗಿಲ್ಲ, ಮಗಳು ಅವನ ಕಣ್ಣಿಗೆ ಬೀಳಂಗಿಲ್ಲ."

ಜಯಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಚಿತ್ತಪ್ಪ ಕೈಮುಗಿದು, ತಿರುಗಿ, ರಸ್ತೆಯ ಕಡೆ ನಡೆಯತೊಡಗಿದ. ಆಗ ಯಲ್ಲಕ್ಕ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳ ಕಣ್ಣು ಹೆಂಗಸರ ಗುಂಪಿನಲ್ಲಿದ್ದ ಹುಚ್ಚಕ್ಕನ ಮೇಲಿತ್ತು. ತಾನು ಎಸೆಯುವ ಕಲ್ಲು ಮೊದಲು ಆ ಮುದುಕಿಗೇ ತಗಲುತ್ತದೆಂದು ಅವಳಿಗೆ ಗೊತ್ತಿತ್ತು. ಕೊಟ್ಟ ಆಣೆಯೂ ನೆನಪಿತ್ತು.

"ಹುಚ್ಚಕ್ಕ," ಎಂದಳು ಮೆಲ್ಲಗೆ, "ಗಟ್ಟಿಯಾಗಿ ನಿಂತ್ಕಳವ್ವ. ಇವ್ನು ಉಂಡಿದ್ದು ನಿನ್ ಮಗ ದುರುಗಣ್ಣನ ಕೈಯಡಿಗೆ. ಅವ್ನು ಸತ್ತಿಲ್ಲ. ಬಳ್ಳಾರಿ ಜೈಲ್ನಾಗವ್ನೆ."

"ಸುಳ್ಳು! ಇವ್ಳ ಬಾಯಿಗೆ ಮಣ್ಣಾಕ!" ಎಂದು ಮುದ್ದಪ್ಪ ಕೂಗಿದ. ಆದರೆ ಅವನ ಬೆರಳುಗಳು ತಂತಾನೇ ರುಮಾಲಿನ ತುದಿ ಹಿಂಡುತ್ತಿದ್ದವು; ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನ ಮುಖ ಎಲ್ಲರಿಗೂ ಗುರುತು ಸಿಗುತ್ತದೆ.

ಹುಚ್ಚಕ್ಕ ಹಿರಿಯರ ಕಂಬಳಿಯನ್ನು ತುಳಿದುಕೊಂಡೇ ಬೇಲಿ ದಾಟಿ ಬಂದಳು. ಚಿತ್ತಪ್ಪನ ಎರಡೂ ಕೈ ಹಿಡಿದು, "ಹೌದೇನೋ ಮಗಾ?" ಎಂದು ಕೇಳಿದಳು.

"ಹೂಂ, ದೊಡ್ಡವ್ವ."

"ಹೆಂಗವ್ನೆ?"

"ಚೆನ್ನಾಗವ್ನೆ. ಕೂದ್ಲು ಒಸಿ ಬೆಳ್ಳಗಾಗೈತೆ. ಮುದ್ದೆ ಥೇಟ್ ನಿನ್ನಂಗೇ ಕಟ್ತಾನೆ."

ಮುದುಕಿ ಅಳುತ್ತಾಳೆಂದು ಯಲ್ಲಕ್ಕ ಕಾದಳು. ಹುಚ್ಚಕ್ಕ ಅಳಲಿಲ್ಲ. ಮುದ್ದಪ್ಪ ಎದ್ದು ನಿಂತು, ತೊದಲುತ್ತ, "ಆತು, ಆತು. ಅಡಿಗೆಯೋನು ನಮ್ಮೋನೇ ಆದ್ಮ್ಯಾಲೆ ಮೈಲಿಗೆ ಎಲ್ಲೈತೆ? ಒಳಕ್ಕೆ ಬಾರಪ್ಪ ಚಿತ್ತಪ್ಪ. ಅವ್ವ, ನೀನೂ ಬಾ" ಎಂದ.

ಜಯಕ್ಕ ಇನ್ನು ಯಾರ ಅಪ್ಪಣೆಗೂ ಕಾಯಲಿಲ್ಲ. ಮಗಳನ್ನು ಎತ್ತಿಕೊಂಡು ಬಂದು ಗಂಡನ ತೋಳಿಗೆ ಹಾಕಿದಳು. ಮಗು ಕಿರುಚಿಕೊಂಡಿತು, ಚಿತ್ತಪ್ಪ ಬಿಡಲಿಲ್ಲ.

ಯಲ್ಲಕ್ಕ ಮುದ್ದಪ್ಪನಿಗಾಗಿ ಎಂಟು ದಿನದಿಂದ ಮಸೆದಿಟ್ಟಿದ್ದ ಬೈಗುಳಗಳಿದ್ದವು. ಅವನ್ನು ಆಡಲು ಬಾಯಿ ತೆರೆದಳು. ಅಷ್ಟರಲ್ಲಿ ಹುಚ್ಚಕ್ಕ ದೊಡ್ಡ ಮಗನ ಕಡೆ ತಿರುಗಿದಳು.

"ತಿಥಿ ದಿನ ಒಲೆ ಮುಂದೆ ಕುಂತು, ಅಳ್ತಾ ಅಳ್ತಾ ಹೋಳಿಗೆ ಬೇಯ್ಸಿದ್ದು ಈ ಕೈ ಕಣೋ. ಅವ್ನು ಬದುಕವ್ನೆ ಅಂತ ಗೊತ್ತಿದ್ದೂ ನನ್ ಎದುರಿಗೇ ಕುಂತು ಉಂಡೆ. ಇನ್ನೊಂದು ಹಾಕು ಅಂತ ಕೇಳಿದ್ಯಲ್ಲೋ ಮುದ್ದಪ್ಪ! ನಿನ್ನ ಯಾವ ಬೆಂಕೀಲಿ ಓಡ್ಸಾಣ?"