ಟ್ರೆಂಟ್ ಸಿರಪ್ಪಿನ ಸಾಕ್ಷಿ

ಮಧ್ಯಾಹ್ನದ ನಿದ್ದೆ ಮುಗಿಸಿ ಮಸ್ಕತ್ತಿನ ಹತ್ತಿರದ ಸೀಬ್ ಪೇಟೆಯ ಸೂಕ್‌ನ ಅಂಗಡಿಗಳು ಮತ್ತೆ ಬಾಗಿಲು ತೆರೆಯುವ ಹೊತ್ತು. ರಜೆಗೆ ಊರಿಗೆ ಹೋಗಿ ಬಂದ ಹಸೈನಾರ್ ಕಾಕ ತಂದ ಪಾರ್ಸೆಲ್ ಒಯ್ಯಲು ಅವರ ಕಿರಾಣಿ ಅಂಗಡಿಗೆ ಕಾಲಿಟ್ಟ ಎಲಿಯಾಸನಿಗೆ ಒಳಗಿನಿಂದ ತನ್ನದೇ ದನಿ ಕೇಳಿಸಿತು. ಅಕ್ಕಿ ಮೂಟೆಯ ಮೇಲಿಟ್ಟ ಟೇಪ್‌ರೆಕಾರ್ಡರಿನಲ್ಲಿ ಅವನು ಕೊಂಕಣಿಯಲ್ಲಿ ಮಾತಾಡುತ್ತಿದ್ದ. "ಮಾಯ್, ನೀನು ಕಳಿಸಿದ ಸಿರಪ್ ಕುಡಿದು ಪೂರ್ತಿ ಹುಷಾರಾದೆ. ಸಕ್ಕರೆ ಕಾಯಿಲೆ ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಈಗ ಸೂಜಿಯೂ ಇಲ್ಲ, ಮಾತ್ರೆಯೂ ಇಲ್ಲ. ನೀನು ಚಿಂತೆ ಮಾಡಬೇಡ."

ಬೆನ್ನಿಗೇ ಗಡಸು ದನಿಯವನೊಬ್ಬ ಅದನ್ನು ಕನ್ನಡದಲ್ಲಿ ಸಾರಿದ. "ಕೇಳಿದಿರಲ್ಲ ಮಹಾಜನರೇ, ಮಸ್ಕತ್ತಿನಿಂದ ಶ್ರೀ ಎಲಿಯಾಸರು ಹೆತ್ತ ತಾಯಿಗೆ ಹೇಳಿದ ಮಾತು. ಹೆತ್ತ ತಾಯಿಗೆ ಯಾರಾದರೂ ಸುಳ್ಳು ಹೇಳುತ್ತಾರೆಯೇ? ಇಂದೇ ಕೊಳ್ಳಿರಿ, ಡಾಕ್ಟರ್ ಟ್ರೆಂಟರ ಲೈಫ್ ಸಿರಪ್."

ಎಲಿಯಾಸ ಬಾಗಿಲಲ್ಲೇ ನಿಂತುಬಿಟ್ಟ. ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹಸೈನಾರ್ ಕಾಕ ನಗುತ್ತ ಎದ್ದರು. "ಬನ್ನಿ ಪೊರ್ಬುಗಳೇ," ಎಂದರು, ಊರಿನಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ. "ಊರಲ್ಲಿ ರಿಕ್ಷಾದಲ್ಲಿ ಮೈಕು ಕಟ್ಟಿ ದಿನಾ ನಿನ್ನ ಭಾಷಣ ಮಾರಾಯ. ಕಾಪುವಿನಿಂದ ಶಿರ್ವದವರೆಗೆ ನಿನ್ನ ದನಿ ಕೇಳದವ ಇಲ್ಲ."

ಕಾಕ ಒಂದು ಕರಪತ್ರ ಬಿಡಿಸಿ ತೋರಿಸಿದರು. ಮದುವೆಯ ಕೋಟು ತೊಟ್ಟ ಎಲಿಯಾಸ ಅದರಲ್ಲಿ ಹಲ್ಲು ಬಿಟ್ಟು ನಿಂತಿದ್ದ. ಅವನ ತಲೆಯ ಮೇಲೆ ಗಡ್ಡದ ಬಿಳಿ ಸಾಹೇಬನೊಬ್ಬನ ಚಿತ್ರ.

ಈ ಸಾಹೇಬನ ಪುರಾಣ ಸ್ವಲ್ಪ ಹೇಳಲೇಬೇಕು. ವಿಕ್ಟೋರಿಯಾ ರಾಣಿ ಬದುಕಿದ್ದ ಕಾಲದಲ್ಲಿ ಲಂಡನ್ನಿನಲ್ಲಿ ಟ್ರೆಂಟ್ ಎಂಬವನೊಬ್ಬ ಈ ಸಿರಪ್ಪನ್ನು ಕಂಡುಹಿಡಿದನಂತೆ. ಅವನು ಡಾಕ್ಟರೋ ಅಲ್ಲವೋ ಆ ದೇವರಿಗೇ ಗೊತ್ತು. ಪಿತ್ತ, ವಾತ, ನರದೌರ್ಬಲ್ಯ, ಮೂರ್ಛೆ, ದುಃಖ, ಎಲ್ಲಕ್ಕೂ ಒಂದೇ ಬಾಟಲಿ. ಅಲ್ಲಿಯ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ಅದರ ತುಂಬ ಪಾದ್ರಿಯ ಹೆಂಡತಿಯ ಕಾಗದ, ಕರ್ನಲ್ ಸಾಹೇಬನ ಕಾಗದ, ಡಾಕ್ಟರರು ಕೈಬಿಟ್ಟರೂ ಟ್ರೆಂಟ್ ಕೈಬಿಡಲಿಲ್ಲ ಎಂದು ಕಣ್ಣೀರು ಹಾಕಿದವರ ಕಾಗದ. ಹಡಗಿನಲ್ಲಿ ಆ ಪೆಟ್ಟಿಗೆಗಳು ಮಂಗಳೂರಿನ ಬಂದರಿಗೂ ಬರುತ್ತಿದ್ದವು. ಅವನ್ನು ಇಳಿಸಿಕೊಳ್ಳುತ್ತಿದ್ದ ಗೋದಾಮಿನ ಗುಮಾಸ್ತನೊಬ್ಬ, ಪೆಟ್ಟಿಗೆ ಬರುವುದು ನಿಂತ ಮೇಲೆ ಲೇಬಲ್ಲಿನ ಅಚ್ಚನ್ನು ಮನೆಗೆ ಒಯ್ದು, ಹಿತ್ತಲಿನಲ್ಲಿ ಬೆಲ್ಲ, ಶುಂಠಿ ಕುದಿಸತೊಡಗಿದ. ಅವನ ಮೊಮ್ಮಗನೇ ಈಗಿನ ಮಾಲೀಕ ಭೋಜರಾಜ. ಅಜ್ಜನ ಲೇಬಲ್ಲಿಗೆ ಸಕ್ಕರೆ ಕಾಯಿಲೆಯನ್ನೂ ಸೇರಿಸಿದ ಪುಣ್ಯಾತ್ಮ. ಔಷಧಿ ಹೇಗಿದ್ದರೂ ನಡೆಯುತ್ತದೆ, ಸಾಕ್ಷಿ ಗಟ್ಟಿ ಇರಬೇಕೆಂಬುದನ್ನು ಅವನು ಹಳೆಯ ಜಾಹೀರಾತುಗಳಿಂದ ಚೆನ್ನಾಗಿ ಕಲಿತಿದ್ದ. ಕರ್ನಲ್ ಸಾಹೇಬರನ್ನು ಈಗ ಯಾರು ನಂಬುತ್ತಾರೆ? ಗಲ್ಫಿನವರ ಮಾತಾದರೆ ನಮ್ಮ ಕರಾವಳಿಯಲ್ಲಿ ಎರಡನೇ ಪ್ರಶ್ನೆಯೇ ಇಲ್ಲ.

ಎಲಿಯಾಸ ಆ ಮಾತು ಆಡಿದ್ದು ನಿಜ. ಎಂಬತ್ತರ ದಶಕವದು, ಊರಿಗೆ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ, ಹೋಗುವವರ ಕೈಯಲ್ಲಿ ಕೊಡುತ್ತಿದ್ದ ಕಾಲ. ಗಲ್ಫಿನಿಂದ ಹೋದ ಕ್ಯಾಸೆಟ್ಟುಗಳಲ್ಲಿ ಯಾರಿಗೂ ಯಾವತ್ತೂ ಕಾಯಿಲೆ ಬಂದದ್ದಿಲ್ಲ. ಕೆಲಸ ಕಳಕೊಂಡವನೂ ಚೆನ್ನಾಗಿದ್ದೇನೆ ಎನ್ನುತ್ತಿದ್ದ, ಕಾಲು ಮುರಿದುಕೊಂಡವನೂ ಚೆನ್ನಾಗಿದ್ದೇನೆ ಎನ್ನುತ್ತಿದ್ದ. ಶಿರ್ವದ ಮನೆಯಲ್ಲಿ ತಾಯಿ ತೆರೇಸಾಬಾಯಿ ತಾನೂ ಸಕ್ಕರೆ ಕಾಯಿಲೆಯವಳು, ದಿನಾ ಮಾತ್ರೆ ನುಂಗುವವಳು. ಮಗನಿಗೂ ಅದು ಬಂತೆಂದು ಯಾರದೋ ಬಾಯಲ್ಲಿ ಕೇಳಿ, ಊಟ ಬಿಟ್ಟು ಅಳುತ್ತ, ಬರುವವರ ಹೋಗುವವರ ಕೈಯಲ್ಲಿ ಟ್ರೆಂಟ್ ಸಿರಪ್ ಕಳಿಸುತ್ತಿದ್ದಳು. ಅವಳ ಅಳು ನಿಲ್ಲಿಸಲು ಮಗ ಆಡಿದ ನಾಲ್ಕು ಮಾತು ಅದು. ಹೆಮ್ಮೆ ತಡೆಯಲಾರದೆ ಆ ಕ್ಯಾಸೆಟ್ಟನ್ನೂ ಮಗನ ಮದುವೆಯ ಫೋಟೋವನ್ನೂ ಅವಳೇ ಭೋಜರಾಜನಿಗೆ ಕೊಟ್ಟಿದ್ದಳು.

ಸತ್ಯವೇನೆಂದರೆ ಎಲಿಯಾಸ ದಿನಾ ಬೆಳಿಗ್ಗೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದ. ಅದು ಇನ್ನೂ ನಡೆಯುತ್ತಿದೆಯೆಂದು ಹೆಂಡತಿ ಇವ್ಲಿನ್‌ಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವನ ಕಂಪೆನಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಒಬ್ಬ ಡ್ರೈವರನನ್ನು ಕಾಯಿಲೆಯವನೆಂದು ವೀಸಾ ನವೀಕರಿಸದೆ ಊರಿಗೆ ಕಳಿಸಿದ್ದರು. ಸ್ಟೋರ್‌ಕೀಪರ್ ಎಲಿಯಾಸ ಅಂದಿನಿಂದ ಸೀಬಿನ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟು, ಗುರುತಿನವರು ಕಾಣದ ಹಾಗೆ ದೂರದ ರೂವಿ ಪೇಟೆಗೆ ಹೋಗಿ ಔಷಧಿ ತರುತ್ತಿದ್ದ. ಮೊದಲು ಅದೇ ಸಾಲಿನಲ್ಲಿ ಅವನ ಪಕ್ಕ ನಿಲ್ಲುತ್ತಿದ್ದವರು ಹಸೈನಾರ್ ಕಾಕ. ಅವರದೂ ಇನ್ಸುಲಿನ್ ಇಲ್ಲದೆ ನಡೆಯದ ಜೀವ.

"ಆಸ್ಪತ್ರೆಯಲ್ಲಿ ನೀನು ಕಾಣದಾಗ ನಾನು ಎಣಿಸಿದ್ದೆ, ಏನೋ ಗುಟ್ಟುಂಟು ಅಂತ," ಎಂದರು ಕಾಕ. "ನನಗಾದರೂ ಹೇಳ್ಬಾರದಿತ್ತಾ? ಇರ್ಲಿ. ನಾನೂ ಒಂದು ಪೆಟ್ಟಿಗೆ ತಂದೆ. ಬಂದ ದಿನದಿಂದ ಇಂಜೆಕ್ಷನ್ ಖಲಾಸ್."

ಹೇಳುತ್ತಲೇ ಒಂದು ಚೊಂಬು ನೀರನ್ನು ಗಟಗಟ ಕುಡಿದರು. ಊರಿನ ಊಟ ಉಂಡು ಮೈ ತುಂಬಿ ಬರಬೇಕಾದ ಮನುಷ್ಯನ ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿ ಬಿಳುಚಿತ್ತು. ಕೆಳಗಿಟ್ಟ ಚೊಂಬನ್ನು ಅವರು ಮತ್ತೆ ತುಂಬಿಸಿಕೊಂಡರು. ಅದು ಸುಳ್ಳು ಕಾಕ, ಎಂದು ಎಲಿಯಾಸ ಹೇಳಬೇಕಿತ್ತು. ಆದರೆ ಅಂಗಡಿಯಲ್ಲಿ ನಾಲ್ಕು ಜನ ಊರಿನವರಿದ್ದರು, ಇಲ್ಲಿ ಆಡಿದ ಮಾತು ನಾಳೆ ಕಂಪೆನಿಯ ಕಿವಿಗೆ ಬೀಳುತ್ತಿತ್ತು. ಎಲಿಯಾಸ ಪಾರ್ಸೆಲ್ ಎತ್ತಿಕೊಂಡು ಹೇಡಿಯ ಹಾಗೆ ಹೊರಗೆ ಬಂದ.

ಮನೆಯಲ್ಲಿ ಇವ್ಲಿನ್ ಎಲ್ಲವನ್ನೂ ಕೇಳಿದಳು. ಬೈಯಲಿಲ್ಲ. ಪಾರ್ಸೆಲ್ಲಿನಲ್ಲಿ ಬಂದ ಎರಡು ಸಿರಪ್ ಬಾಟಲಿಗಳನ್ನು ಕಪಾಟಿನಲ್ಲಿ ಹಳೆಯವುಗಳ ಪಕ್ಕಕ್ಕಿಟ್ಟಳು. ಅತ್ತೆ ಕಳಿಸಿದ್ದನ್ನು ಬಿಸಾಡಲು ಮನಸ್ಸು ಬಾರದೆ, ಕುಡಿಯಲೂ ಆಗದೆ, ಅಲ್ಲೊಂದು ಸಾಲೇ ಬೆಳೆದಿತ್ತು. ಮುಚ್ಚಳದ ಅರಗು ಒಂದರದ್ದೂ ಒಡೆದಿರಲಿಲ್ಲ.

"ಕಾಕನಿಗೆ ಹೇಳಿದ್ರಾ?" ಎಂದು ಕೇಳಿದಳು.

"ಜನ ಇದ್ರು."

"ನಾಳೆ ಅವರಿಗೆ ಏನಾದ್ರೂ ಆದ್ರೆ, ಮತ್ತೆ ಈ ಮನೆಯಲ್ಲಿ ನಿಮ್ಮ ದನಿ ಕೇಳಿಕೊಂಡು ಇರ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ," ಎಂದು ಅವಳು ಅಡುಗೆಮನೆಗೆ ಹೋದಳು.

ಮರುದಿನ ಬಾಟಲಿಗಳನ್ನೆಲ್ಲ ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಕಾರಿನಲ್ಲಿಟ್ಟುಕೊಂಡು ಅವನು ಸೂಕ್‌ಗೆ ಹೋದ. ಊರಿನವರು ಯಾರೂ ಇರಲಿಲ್ಲ, ಸದ್ಯ ಎಂದುಕೊಳ್ಳುವಷ್ಟರಲ್ಲಿ ಖರ್ಜೂರದ ಡಬ್ಬ ಹಿಡಿದು ನಿಂತಿದ್ದ ಅಹ್ಮದ್ ಕಂಡ. ಕಂಪೆನಿಯಲ್ಲಿ ಎಲ್ಲರ ವೀಸಾ, ಪಾಸ್‌ಪೋರ್ಟ್ ನೋಡಿಕೊಳ್ಳುವ ಒಮಾನಿ. ಇವನು ಕಾಣಿಸಿಕೊಳ್ಳಲಿಕ್ಕೆ ಬೇರೆ ದಿನವೇ ಸಿಗಲಿಲ್ಲವೇ? ಆದರೂ ಅಹ್ಮದನಿಗೆ ಕನ್ನಡ ಬಾರದು ಎಂಬ ಒಂದೇ ಧೈರ್ಯದಲ್ಲಿ ಎಲಿಯಾಸ ಗಲ್ಲಾಪೆಟ್ಟಿಗೆಯ ಹತ್ತಿರ ಹೋದ.

ಕಾಕ ಗೋಡೆಗೊರಗಿ ಕೂತಿದ್ದರು. ಕಣ್ಣು ಅರೆಮುಚ್ಚಿತ್ತು, ಉಸಿರು ಮೇಲುಸಿರಾಗಿತ್ತು. ಆ ಉಸಿರಿಗೆ ಕೊಳೆತ ಹಣ್ಣಿನ ವಾಸನೆ.

"ಕಾಕ, ನಾನು ಮಾಯ್‌ಗೆ ಹೇಳಿದ್ದು ಸುಳ್ಳು. ಆ ಸಿರಪ್ ನಾನು ಕುಡಿಯಲೇ ಇಲ್ಲ. ನೀವು ಈಗಲೇ ಆಸ್ಪತ್ರೆಗೆ ಬನ್ನಿ."

ಕಾಕ ಕಷ್ಟದಿಂದ ನಕ್ಕರು. "ಈಗ ಯಾಕೆ ಹೀಗೆ ಹೇಳ್ತಿ ಮಾರಾಯ? ಭೋಜರಾಜ ನಿನಗೆ ಪಾಲು ಕೊಡ್ಲಿಲ್ಲ ಅಂತ ಸಿಟ್ಟಾ?"

"ಪಾಲೂ ಇಲ್ಲ ಎಂತದೂ ಇಲ್ಲ. ದಮ್ಮಯ್ಯ, ಏಳಿ."

"ಆ ದನಿ ನಿನ್ನದು ಹೌದಾ ಅಲ್ವಾ? ಅಷ್ಟು ಹೇಳು."

"ನನ್ನದೇ."

"ಮತ್ತೆಂತ? ಹೆತ್ತವಳಿಗೆ ಸುಳ್ಳು ಹೇಳುವ ಜನ ಅಲ್ಲ ನೀನು."

ಎಲಿಯಾಸ ಓಡಿಹೋಗಿ ಪೆಟ್ಟಿಗೆ ತಂದ. ಬಾಟಲಿಗಳನ್ನು ಒಂದೊಂದಾಗಿ ಗಲ್ಲಾಪೆಟ್ಟಿಗೆಯ ಮೇಲೆ ಸಾಲಾಗಿ ನಿಲ್ಲಿಸಿದ. "ನೋಡಿ. ಮಾಯ್ ಕಳಿಸಿದ್ದಷ್ಟೂ ಇಲ್ಲುಂಟು. ಒಂದರದ್ದಾದರೂ ಅರಗು ಒಡೆದಿದೆಯಾ?"

ಕಾಕ ಒಂದನ್ನು ಎತ್ತಿ ನೋಡಿದರು. "ಇದೆಲ್ಲ ಗುಣ ಆದ ಮೇಲೆ ಬಂದದ್ದಿರ್ಬೇಕು," ಎಂದು ಗೊಣಗಿ ಕಣ್ಣು ಮುಚ್ಚಿದರು. ಏನು ಮಾಡುತ್ತೀರಿ ಇಂಥ ನಂಬಿಕೆಗೆ? ಟೇಪಿನೊಳಗಿನ ಎಲಿಯಾಸನ ಮುಂದೆ ಎದುರಿಗೆ ನಿಂತ ಎಲಿಯಾಸನಿಗೆ ಕಾಸಿನ ಬೆಲೆ ಇರಲಿಲ್ಲ.

ಅಹ್ಮದ್ ಖರ್ಜೂರದ ಡಬ್ಬ ಕೆಳಗಿಟ್ಟು ಇವರನ್ನೇ ನೋಡುತ್ತಿದ್ದ. ಮಾತು ಅವನಿಗೆ ಅರ್ಥವಾಗಿರಲಿಲ್ಲ. ಆದರೆ ಇನ್ನುಳಿದಿದ್ದ ಒಂದು ಸಾಕ್ಷಿಗೆ ಯಾವ ಭಾಷೆಯೂ ಬೇಕಿರಲಿಲ್ಲ. ಬಾಡಿಗೆ ಮನೆ, ಊರಿನಲ್ಲಿ ಅರ್ಧಕ್ಕೆ ನಿಂತ ಕಟ್ಟಡ, ಇವ್ಲಿನ್, ಎಲ್ಲ ಒಮ್ಮೆಗೇ ಕಣ್ಣಮುಂದೆ ಬಂದವು. ಕಾಕನ ತಲೆ ಒಂದು ಕಡೆಗೆ ವಾಲಿತು.

ಅವನು ಪ್ಯಾಂಟಿನಿಂದ ಶರ್ಟನ್ನು ಕಿತ್ತು ಎದೆಯವರೆಗೆ ಎತ್ತಿದ. ಹೊಕ್ಕುಳಿನ ಎರಡೂ ಬದಿಗೆ ಹಳೆಯ ಗುರುತು, ಹೊಸ ಗುರುತು, ನೀಲಿಗಟ್ಟಿದ ಕಲೆ. ಕಾಕನ ಗದ್ದ ಹಿಡಿದು ಮುಖವನ್ನು ತನ್ನ ಕಡೆಗೆ ತಿರುಗಿಸಿದ. "ಕಣ್ಣು ಬಿಟ್ಟು ನೋಡಿ ಕಾಕ. ಇದು ಇವತ್ತು ಬೆಳಿಗ್ಗೆ ಚುಚ್ಚಿದ್ದು."

ಕಾಕ ನೋಡಿದರು. ಸೂಜಿಯ ಗುರುತು ಅವರಿಗೆ ಹೊಸದಲ್ಲ, ಅವರ ಹೊಟ್ಟೆಯಲ್ಲೂ ಅಂಥವೇ ಇದ್ದವು. ಬೆರಳು ಚಾಚಿ ಹೊಸ ಗುರುತನ್ನು ಮುಟ್ಟಿದರು. "ಹಾಗಾದ್ರೆ ನನ್ನ ಗತಿ?" ಎಂದವರೇ ಬಗ್ಗಿ ವಾಂತಿ ಮಾಡಿದರು.

"ಯಲ್ಲಾ, ಮೇರಾ ಗಾಡಿ," ಎಂದು ಅಹ್ಮದ್ ಗಲ್ಫಿನ ಹರುಕು ಹಿಂದಿಯಲ್ಲಿ ಅವಸರ ಮಾಡಿದ. ಕಾಕನನ್ನು ಕೂಸಿನ ಹಾಗೆ ಎತ್ತಿಕೊಂಡು ಹೋಗಿ ತನ್ನ ಪಿಕಪ್ಪಿನಲ್ಲಿ ಮಲಗಿಸಿದ. ದಾರಿಯಲ್ಲಿ ಒಂದೇ ಒಂದು ಸಲ ಎಲಿಯಾಸನ ಕಡೆ ತಿರುಗಿ, "ಕಂಪೆನಿ ಮಾಲೂಮ್?" ಎಂದು ಕೇಳಿದ, ಕಂಪೆನಿಗೆ ಗೊತ್ತುಂಟಾ ಎಂಬರ್ಥದಲ್ಲಿ. ಎಲಿಯಾಸ ಇಲ್ಲವೆಂದು ತಲೆಯಾಡಿಸಿದ. ಅಹ್ಮದ್ ಮುಂದೆ ನೋಡಿ ಗಾಡಿಯ ವೇಗ ಹೆಚ್ಚಿಸಿದ. ಅವನು ಕಂಪೆನಿಗೆ ಹೇಳುತ್ತಾನೋ ಇಲ್ಲವೋ ಎಲಿಯಾಸನಿಗೆ ತಿಳಿಯಲಿಲ್ಲ, ತಿಳಿದುಕೊಳ್ಳುವ ಪುರುಸೊತ್ತೂ ಇರಲಿಲ್ಲ.

ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಆ ರಾತ್ರಿ ಕಳೆದು ಮರುದಿನ ಮಧ್ಯಾಹ್ನ ಕಾಕ ಕಣ್ಣು ಬಿಟ್ಟರು. ಕೈಗೆ ಡ್ರಿಪ್ ಹಾಕಿತ್ತು. ಪಕ್ಕದಲ್ಲಿ ಕೂತಿದ್ದ ಎಲಿಯಾಸನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು, ಅಳುವೇ ಬಂತು. ಕಾಕ ಅವನ ಕಡೆ ಮುಖ ತಿರುಗಿಸಿದರು. ಬೈಯುತ್ತಾರೆ ಎಂದುಕೊಂಡು ಅವನು ತಲೆ ತಗ್ಗಿಸಿದ.

"ಪೊರ್ಬು," ಎಂದರು ಕಾಕ ಸಣ್ಣ ದನಿಯಲ್ಲಿ. "ನನ್ನದು ಬಿಡು. ಪಾರ್ಸೆಲ್ ತರ್ಲಿಕ್ಕೆ ಹೋದಾಗ ನಿನ್ನ ಅಮ್ಮ ಹೇಳಿದ್ರು, ಮಗನಿಗೇ ಗುಣ ಆದ ಮೇಲೆ ನನಗೆ ಯಾಕೆ ಮಾತ್ರೆ ಅಂತ. ಅವರೂ ಅದನ್ನೇ ಕುಡಿತಿದ್ದಾರೆ."

ಎಲಿಯಾಸ ಚಪ್ಪಲಿ ಮೆಟ್ಟಲೂ ಮರೆತು ಓಡಿದ. ಆಸ್ಪತ್ರೆಯ ಗೇಟಿನ ಹೊರಗೆ ಫೋನ್ ಬೂತಿತ್ತು. ಶಿರ್ವದಲ್ಲಿ ಮನೆಯ ಹತ್ತಿರ ಫೋನ್ ಇದ್ದದ್ದು ಕೊಗ್ಗನ ಅಂಗಡಿಯಲ್ಲಿ ಮಾತ್ರ. ಮೂರು ಸಲ ತಿರುಗಿಸಿದ ಮೇಲೆ ಲೈನ್ ಸಿಕ್ಕಿತು. ಕೊಗ್ಗ ಕರೆಯಲು ಓಡಿದ. ಅತ್ತಲಿಂದ ಕಾಗೆಯ ಕೂಗು, ಬಸ್ಸಿನ ಹಾರ್ನ್, ಆಮೇಲೆ ದೂರದಲ್ಲಿ ಮೈಕು ಕಟ್ಟಿಕೊಂಡು ಹೋಗುವ ರಿಕ್ಷಾ. ಮಾತು ಸ್ಪಷ್ಟವಿರಲಿಲ್ಲ. ಆದರೂ ತನ್ನ ದನಿ ತನಗೆ ಗೊತ್ತಾಗದೆ ಇರುತ್ತದೆಯೇ? ಅವನು ಕಣ್ಣು ಮುಚ್ಚಿಕೊಂಡ.

ಕಾಲೆಳೆದುಕೊಂಡು ಬರುವ ಸದ್ದು ಕೇಳಿತು. ಹೆಜ್ಜೆ ನಿಧಾನವಿತ್ತು, ಏದುಸಿರಿತ್ತು. "ಪುತಾ," ಎಂದಳು ತಾಯಿ. "ಹುಷಾರಿದ್ದೀಯಲ್ಲ?"

ಹುಷಾರಿದ್ದೇನೆ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಯವರೆಗೆ ಬಂತು. ಅವನು ಅದನ್ನು ನುಂಗಿಕೊಂಡ.

"ಇಲ್ಲ ಮಾಯ್. ಹುಷಾರಿಲ್ಲ. ಯಾವತ್ತೂ ಇರಲಿಲ್ಲ. ದಿನಾ ಸೂಜಿ ಚುಚ್ಚಿಕೊಳ್ತೇನೆ. ಆ ಸಿರಪ್ ನಾನು ಒಂದು ಚಮಚವೂ ಕುಡಿದವನಲ್ಲ. ನೀನು ಈಗಲೇ ನಿನ್ನ ಮಾತ್ರೆ ತಗೋ. ಕೊಗ್ಗನ ಜೊತೆ ಇವತ್ತೇ ಡಾಕ್ಟರ ಹತ್ತಿರ ಹೋಗು."

ಆ ಕಡೆ ರಿಕ್ಷಾ ಹತ್ತಿರ ಬಂದು ದಾಟಿ ಹೋಯಿತು. ಲೈನ್ ಕಡಿಯಿತೋ ಎಂದು ಅವನು ಹೆದರಿದ.

"ಮಾತ್ರೆ ಬಿಸಾಡ್ಲಿಲ್ಲ, ಡಬ್ಬದಲ್ಲಿ ಉಂಟು. ತಗೊಳ್ತೇನೆ," ಎಂದಳು ತಾಯಿ. ಮತ್ತೆ ಕೇಳಿದಳು, "ಇಷ್ಟು ಸಮಯ ನಿನ್ನ ನೋವನ್ನು ಯಾರ ಹತ್ರ ಹೇಳಿಕೊಂಡೆ, ಪುತಾ?"