ಗಾಜಿನ ತೊಟ್ಟಿಯಲ್ಲಿ ನಾಟಿ

ಯುಗಾದಿಯ ಮಾರನೆಯ ದಿನ ನಮ್ಮ ಮನೆಗೆ ಆರು ಮೀನುಗಳು ಬಂದವು. ನಮ್ಮದು ಲಿಂಗವಂತರ ಮನೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಬಹುದು.

"ಲಿಂಗಪೂಜೆ ಮಾಡೋ ಮನೇಲಿ ಮೀನಾ?" ಎಂದಳು ಅವ್ವ.

"ತಿನ್ನಾಕಲ್ಲ ಕಣವ್ವ, ನೋಡಾಕೆ."

"ಇವತ್ತು ನೋಡ್ತೀಯ. ನಾಳೀಕೆ?"

ನಾಳೆಯ ಬಗ್ಗೆ ನಾನು ಎಷ್ಟು ಆಣೆ ಇಟ್ಟರೂ ಅವ್ವ ನಂಬಲಿಲ್ಲ. ಕೊನೆಗೆ, ತೊಟ್ಟಿ ದೇವರ ಕೋಣೆಯ ಕಡೆ ಮುಖ ಮಾಡಿರಬಾರದು ಎಂಬ ಷರತ್ತಿನ ಮೇಲೆ ನಡುಮನೆಯ ಪೂರ್ವದ ಕಿಟಕಿಯ ಬಳಿ ಜಾಗ ಸಿಕ್ಕಿತು.

ಹ್ಯಾಂಡ್‌ಪೋಸ್ಟಿನಂಥ ಕೂಡುರಸ್ತೆಯ ಊರಿನಲ್ಲಿ ದಿನಸಿ ಅಂಗಡಿ ಇಟ್ಟವನಿಗೆ ಇಂಥವು ತಪ್ಪಿದ್ದಲ್ಲ. ಮಾನಂದವಾಡಿ ಕಡೆಯಿಂದ ಬರುವ ಲಾರಿಗಳೆಲ್ಲ ಇಲ್ಲಿ ನಿಂತೇ ಮುಂದೆ ಹೋಗುತ್ತವೆ. ವಯನಾಡಿನ ಯಾವುದೋ ಟೀ ತೋಟದ ಬಿಳಿ ದೊರೆ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟನಂತೆ. ಅವನ ಕುರ್ಚಿ ಮೇಜುಗಳ ನಡುವೆ ಕಬ್ಬಿಣದ ಚೌಕಟ್ಟಿನ ಒಂದು ಗಾಜಿನ ತೊಟ್ಟಿ. ಮೂರಡಿ ಉದ್ದ. ಜೊತೆಗೆ ಬಕೆಟ್ಟಿನಲ್ಲಿ ಆ ಆರು ಮೀನು, ಒಂದು ಹರಿದ ಇಂಗ್ಲಿಷ್ ಮ್ಯಾಗಜೀನ್. ಡ್ರೈವರ್ ಟೀ ಕುಡಿದು ಮುಗಿಸುವಷ್ಟರಲ್ಲಿ ಎಲ್ಲವೂ ನನ್ನವಾಗಿದ್ದವು.

ಆ ಮ್ಯಾಗಜೀನಿನಲ್ಲಿ ಒಂದು ಚಿತ್ರವಿತ್ತು. ತೊಟ್ಟಿಯ ಹಿಂದೆ ಎತ್ತರದ ಗಿಡಗಳು, ಮುಂದೆ ಗಾಜಿನ ಪಕ್ಕದಲ್ಲಿ ನೆಲಕ್ಕಂಟಿದ ಕುಳ್ಳ ಹಸಿರು. ಶಾಲೆಯ ಗ್ರೂಪ್ ಫೋಟೊದಲ್ಲಿ ಚಿಕ್ಕವರನ್ನು ಮುಂದೆ ಕೂರಿಸುತ್ತಾರಲ್ಲ, ಹಾಗೆ. ಹಿಂದಿನ ಸಾಲು ನನಗೆ ಸುಲಭವಾಗಿ ಒಲಿಯಿತು. ಕೆರೆಯ ನೀರುಬಳ್ಳಿ ತಂದು ಹಾಕಿದೆ, ತಾನೇ ಬೆಳೆಯಿತು. ನನ್ನ ತಲೆ ಕೆಡಿಸಿದ್ದು ಮುಂದಿನ ಸಾಲು.

ನಿಮಗೆ ಗೊತ್ತೇ ಇದೆ, ನಾನು ಯಾವುದನ್ನೂ ಅರ್ಧಕ್ಕೆ ಬಿಡುವವನಲ್ಲ. ಪೂರ್ತಿ ಕೆಡಿಸಿಯೇ ಬಿಡುವುದು.

ಮೊದಲು ಗರಿಕೆ ಹಾಕಿದೆ. ಕುಳ್ಳಗಿದೆ, ಹಸಿರಾಗಿದೆ, ದೇವರಿಗೂ ಆಗುತ್ತದೆ, ಇನ್ನೇನು ಬೇಕು? ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೆಯ ದಿನ ಬೇಯಿಸಿದ ಸೊಪ್ಪಾಯಿತು. ಆಮೇಲೆ ಬಾವಿಕಟ್ಟೆಯ ಒಂದೆಲಗ ತಂದೆ. ಅದು ಮುಂದಿನ ಸಾಲಿನಲ್ಲಿ ಕೂರಲು ಒಪ್ಪಲೇ ಇಲ್ಲ. ದಂಟು ಚಾಚಿ ಚಾಚಿ ಬೆಳಕಿನ ಕಡೆ ಎದ್ದು ನಿಂತಿತು, ಆಮೇಲೆ ಸುಸ್ತಾಗಿ ಮಲಗಿತು.

ಇಲ್ಲಿ ನಮ್ಮ ಮನೆಯ ಇನ್ನೊಬ್ಬರ ವಿಷಯ ಹೇಳಬೇಕು. (ನಿಜ ಹೇಳಬೇಕೆಂದರೆ ಮೊದಲೇ ಹೇಳಬೇಕಿತ್ತು. ಆದರೆ ನಾನು ಆಗ ಮೀನಿನ ಗುಂಗಿನಲ್ಲಿದ್ದೆ.)

ನನ್ನ ತಮ್ಮ ಮಹದೇವನಿಗೆ ಮಾಘ ಮಾಸದಲ್ಲಿ ಮದುವೆಯಾಯಿತು. ಹುಡುಗಿ ಶಿವಮ್ಮಣ್ಣಿ, ಕೃಷ್ಣರಾಜನಗರದ ಕಡೆ ಮಿರ್ಲೆಯವಳು. ಅದು ನಾಲೆಯ ಊರು. ಎತ್ತ ನೋಡಿದರೂ ಗದ್ದೆ. ನಮ್ಮದು ರಾಗಿ, ಜೋಳ, ಹೊಗೆಸೊಪ್ಪಿನ ಸೀಮೆ. ನಮ್ಮ ಕಡೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಂತು ಮಾತಾಡುವ ಪದ್ಧತಿಯಿಲ್ಲ. ಹಾಗಾಗಿ ಅವಳ ದನಿ ನನಗೆ ಕೇಳದಿದ್ದುದರಲ್ಲಿ ವಿಶೇಷವಿರಲಿಲ್ಲ. ಆದರೆ ಅವಳು ಯಾರೊಂದಿಗೂ ಮಾತಾಡುತ್ತಿರಲಿಲ್ಲ. ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೆ ಉಳಿಯುತ್ತಿತ್ತು. ಬಂದಾಗ ತುಂಬಿಕೊಂಡಿದ್ದ ಮುಖ ನಾಲ್ಕು ತಿಂಗಳಲ್ಲಿ ಇಳಿದುಹೋಗಿತ್ತು.

"ಒಂದ್ಕೊಳ್ಳೋ ಪೈಕಿ ಅಲ್ಲ ಬುಡು," ಎಂದು ಅವ್ವ ತೀರ್ಪು ಕೊಟ್ಟಾಗಿತ್ತು.

ಒಂದು ದಿನ ಊಟಕ್ಕೆ ಕೂತಾಗ ನನ್ನಾಕೆ ಮೆಲ್ಲಗೆ ಹೇಳಿದಳು. "ಆಸಾಡಕ್ಕೆ ಕರ್ಕೊಂಡೋಗಾಕೆ ಅವರಪ್ಪ ಬತ್ತಾರೆ. ಓದ್ರೆ ಮತ್ತೆ ಬರಾಕಿಲ್ಲ ಅಂದ್ಲು ಕಣ್ರೀ."

"ಅಳ್ತಾ ಅಂದ್ಲಾ?"

"ಇಲ್ಲ. ಡಬ್ಬೀಲಿ ಉಪ್ಪು ಮುಗೀತು ಅಂತಾರಲ್ಲ, ಅಂಗೆ ಅಂದ್ಲು."

ನನಗೆ ಹೆದರಿಕೆಯಾಯಿತು. ಅತ್ತಿದ್ದರೆ ಸಮಾಧಾನ ಮಾಡಬಹುದು. ಲೆಕ್ಕ ಮುಗಿಸಿದವಳಿಗೆ ಏನು ಹೇಳುವುದು? ಮಹದೇವನಿಗೂ ವಿಷಯ ಗೊತ್ತಿತ್ತು. ಅಂಗಡಿಯಲ್ಲಿ ಬೆಲ್ಲ ಕೇಳಿದವರಿಗೆ ಬೇಳೆ ತೂಗುತ್ತಿದ್ದ. ಮನೆಯ ಹಿರಿಯನಾಗಿ ನಾನು ಏನು ಮಾಡಿದೆ? "ಎಲ್ಲಾ ಸರಿಹೋಗ್ತದೆ" ಎಂದು ಕೈ ತೊಳೆದು ತೊಟ್ಟಿಯ ಮುಂದೆ ಕೂತೆ. ಗಂಡಸರ ಬುದ್ಧಿ ಎನ್ನುವುದು ಇದಕ್ಕೇ ಇರಬೇಕು.

ಈ ಸಲ ನೆಲ ಹಿಡಿದು ಬೆಳೆದಿದ್ದ ಯಾವುದೋ ಕೆರೆಯಂಚಿನ ಹುಲ್ಲು ತಂದಿದ್ದೆ. ಮರಳಿನ ಕೆಳಗೆ ಎರಡು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿದೆ. ಗೊಬ್ಬರವಿಲ್ಲದೆ ಏನು ಬೆಳೆಯುತ್ತದೆ? ಮುಷ್ಟಿಗಾತ್ರದ ಕಂತೆಯನ್ನು ಕತ್ತಿನ ತನಕ ಹೂಳಿ, ಹೊಗೆಸೊಪ್ಪಿನ ಸಸಿಗೆ ಒತ್ತುವ ಹಾಗೆ ಸುತ್ತಲೂ ಹೆಬ್ಬೆರಳಿನಿಂದ ಬಿಗಿಯಾಗಿ ಒತ್ತಿದೆ. ಎರಡನೆಯ ದಿನ ನೀರು ನಾರಿತು. ಮೂರನೆಯ ದಿನ ಎರಡು ಮೀನು ಹೊಟ್ಟೆ ಮೇಲೆ ಮಾಡಿದವು. ಅವ್ವ ನನ್ನನ್ನು ಬೈಯಲಿಲ್ಲ. ಮನೆಯನ್ನೆಲ್ಲ ತೊಳೆಸಿದಳು, ನನ್ನಿಂದಲೇ.

ತೊಟ್ಟಿ ತೊಳೆದು, ಹೊಸ ಮರಳು ಹಾಕಿ, ಅದೇ ಹುಲ್ಲಿನ ಇನ್ನೊಂದು ಕಂತೆಯನ್ನು ಮತ್ತೆ ಒತ್ತುತ್ತಾ ಕೂತಿದ್ದೆ. ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ಸಣ್ಣ ದನಿ ಬಂತು.

"ಅಕ್ಕಾ, ಅಂಗೆ ಒತ್ತಬ್ಯಾಡಿ ಅಂತ ಯೋಳಿ ಭಾವಾರಿಗೆ. ಉಸಿರು ಕಟ್ತದೆ."

ನನ್ನಾಕೆ ನನ್ನ ಕಡೆ ತಿರುಗಿದಳು. "ಅಂಗೆ ಒತ್ತಬಾರದಂತೆ. ಉಸಿರು ಕಟ್ತದಂತೆ."

"ಯಾರಿಗೆ?"

"ಗಿಡಕ್ಕೆ ಕಣ್ರೀ. ಇನ್ಯಾರಿಗೆ?"

ಬಾಗಿಲಿಗೂ ನನಗೂ ನಡುವೆ ಎಂಟಡಿ. ಆದರೂ ಮಾತು ನನ್ನಾಕೆಯ ಮೂಲಕವೇ ಹೋಗಬೇಕು, ಬರಬೇಕು. "ಮತ್ತೆ ಹೆಂಗೆ ಅಂತ ಕೇಳು," ಎಂದೆ. ಬಾಗಿಲ ಹಿಂದಿನಿಂದ ನಾಲ್ಕು ತಿಂಗಳ ಮಾತು ಒಟ್ಟಿಗೇ ಬಂತು.

"ಅದು ಮೇಲಿನ ಉಲ್ಲು, ಮುಳುಗಿದ್ರೆ ಬದುಕಾಕಿಲ್ಲ ಅನ್ನಿ. ಕೆರೆ ಅಂಚಲ್ಲಿ ನಾಕೆಲೆ ಸೊಪ್ಪು ಅದಲ್ಲ, ನೆಲದ ಮೇಲೇ ಅರೀತದಲ್ಲ, ಅದು ತರ್ಲಿ. ನಮ್ಮೂರಲ್ಲಿ ಗದ್ದೆ ತುಂಬಾ ಅದೇಯ. ಕಳೆ ಅಂತ ಕಿತ್ತು ಕಿತ್ತು ಬದೀಗೆ ಎಸೀತೀವಿ. ಗೊಬ್ಬರ ಬ್ಯಾಡ. ಮರಳಿನ ಅಡೀಲಿ ತೆಳ್ಳಗೆ ಕೆರೆ ಗೋಡು ಮಣ್ಣು ಸಾಕು. ಕಂತೇನೆ ಊಳಬ್ಯಾಡಿ, ಬುಡಿಸಿ ಬುಡಿಸಿ ಹಾಕ್ಬೇಕು. ಬಳ್ಳಿ ಮೇಲಿರ್ಲಿ, ಬೇರು ಮಾತ್ರ ಒಳೀಕೆ. ಎರಡೆರಡು ಬೆರಳು ಜಾಗ ಬುಡ್ಲಿ. ನೀರು ತುಂಬ್ಕೊಂಡು ಯಾರಾದ್ರೂ ನಾಟಿ ಮಾಡ್ತಾರಾ? ಮೊದ್ಲು ನಾಕ್ ಬೆರಳು ನೀರು ಇರ್ಲಿ."

ನನ್ನಾಕೆ ಬಾಯಿ ತೆರೆದಳು, ಅಷ್ಟನ್ನೂ ಮತ್ತೆ ಹೇಳಲಾರದೆ ಮುಚ್ಚಿದಳು. "ಕೇಳಿಸ್ತಲ್ಲ?" ಎಂದಳು.

ಕೇಳಿಸಿತ್ತು. ಮರುದಿನ ಬೆಳಿಗ್ಗೆ ಸೊಪ್ಪು, ಗೋಡು ಎರಡೂ ತಂದಿಟ್ಟೆ. ಆದರೆ ನೆಡಲು ಕೈ ಬರಲಿಲ್ಲ. "ಅವಳೇ ಹಾಕಲಿ," ಎಂದು ಹೇಳಿ ನಾನು ಹೊರಗೆ ಜಗಲಿಯ ಮೇಲೆ ಕೂತೆ. ಭಾವ ಒಳಗಿದ್ದರೆ ಅವಳು ನಡುಮನೆಗೆ ಬರುವ ಹಾಗಿಲ್ಲವಲ್ಲ. ಒಳಗಿನಿಂದ ಬಳೆಯ ಸದ್ದು ಕೇಳುತ್ತಿತ್ತು. ಆಮೇಲೆ ಏನೋ ಗುನುಗು. ನನ್ನಾಕೆ ಹೊಸ್ತಿಲಿಗೆ ಬಂದು ಪಿಸುಗುಟ್ಟಿದಳು.

"ಸೀರೆ ಎತ್ತಿ ಸೊಂಟಕ್ಕೆ ಸಿಗಿಸ್ಕಂಡವ್ಳೆ. ತೊಟ್ಟಿ ಇರೋದು ಮೇಜಿನ ಮ್ಯಾಲೆ. ನಗಾಡ್ತಾ ಅವ್ಳೆ ಕಣ್ರೀ."

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಕಣ್ಣು ಒದ್ದೆಯಾಯಿತು ಎಂದು ಬರೆಯಲು ನಾಚಿಕೆಯಿಲ್ಲ. ಆ ಹುಡುಗಿಯ ನಗು ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಮೊದಲು.

ಒಳಗೆ ಹೋಗಿ ನೋಡಿದೆ. ಮುಂದಿನ ಗಾಜಿನ ಉದ್ದಕ್ಕೂ ಮೂರು ಸಾಲು. ಒಂದೊಂದು ಚೂರಿನಲ್ಲಿ ಎರಡು ಮೂರು ಎಲೆ, ಅಳತೆ ಹಿಡಿದಂತೆ ಅಂತರ. ಮರಳು ಕದಡದಿರಲಿ ಎಂದು ತಟ್ಟೆಯೊಂದನ್ನು ಒಳಗಿಟ್ಟು, ಅದರ ಮೇಲೆ ಚೊಂಬಿನಿಂದ ನೀರು ಬಿಟ್ಟಿದ್ದಳು.

ಕಥೆ ಇಲ್ಲಿಗೇ ಸುಖವಾಗಿ ಮುಗಿಯಬೇಕಿತ್ತು. ನಾಲ್ಕನೆಯ ದಿನ ಎಲೆ ಹಳದಿಯಾಯಿತು. ಎಂಟನೆಯ ದಿನ ಲೋಳೆಯಾಗಿ ಉದುರತೊಡಗಿತು. ನಾನು ಒಂದು ಚೂರನ್ನು ಕಿತ್ತು ಬೇರು ಬಂದಿದೆಯೇ ಎಂದು ನೋಡುತ್ತಿದ್ದೆ.

"ಅಕ್ಕಾ, ಕೀಳಬ್ಯಾಡಿ ಅನ್ನಿ," ಎಂದಿತು ಬಾಗಿಲು. "ಆ ಎಲೆ ಗಾಳೀಲಿ ಉಟ್ಟಿದ್ದು. ನೀರಿಗೆ ಬಂದ್ಮ್ಯಾಕೆ ಅದು ಓಗ್ಲೇಬೇಕು. ನೀರಲ್ಲಿ ಉಟ್ಟೋ ಎಲೆ ಬ್ಯಾರೆ. ಕೊಳೆತಿದ್ದು ಮಾತ್ರ ತೆಗೀಲಿ. ಬೇರು ಅಲ್ಲಾಡಿಸಿದ್ರೆ ಮತ್ತೆ ಮೊದ್ಲಿಂದ."

"ಎಷ್ಟು ದಿನ ಕಾಯಬೇಕಂತೆ ಕೇಳು."

"ಅದು ಬದುಕಿದೀನಿ ಅನ್ನೋವರ್ಗೂ."

ಆಷಾಢಕ್ಕೆ ಎರಡು ದಿನ ಮುಂಚೆ ಅವರಪ್ಪ ಬಂದರು. ಟ್ರಂಕು ತುಂಬಿತು. ಒಂದು ತಿಂಗಳಿಗೆ ಹೋಗುವವಳು ಧಾರೆ ಸೀರೆಯನ್ನೂ ಇಟ್ಟುಕೊಂಡಿದ್ದನ್ನು ನನ್ನಾಕೆ ನೋಡಿದಳು, ಅವ್ವನೂ ನೋಡಿದಳು. ಬಸ್ಸು ಹೊರಟ ಮೇಲೂ ಮಹದೇವ ಧೂಳಿನಲ್ಲಿ ನಿಂತೇ ಇದ್ದ. ಹೋಗುವ ಮುಂಚೆ ಅವಳು ನನ್ನಾಕೆಗೆ ಹೇಳಿದ್ದು ಇಷ್ಟು: ಮೂರು ದಿನಕ್ಕೊಮ್ಮೆ ನಾಲ್ಕು ಚೊಂಬು ನೀರು ಬದಲಾಯಿಸಿ, ಬೆಳಗಿನ ಬಿಸಿಲು ಸಾಕು, ಬಿಸಿಲೇರಿದ ಮೇಲೆ ಕಿಟಕಿ ಮುಚ್ಚಿ.

"ಬರಾಕಿಲ್ಲ ಅನ್ನೋಳು ಇದೆಲ್ಲ ಯಾಕೆ ಯೋಳೋಳು?" ಎಂದಳು ನನ್ನಾಕೆ. ನಾವಿಬ್ಬರೂ ಆ ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆವು.

ಆ ತಿಂಗಳು ನನ್ನ ಕೈ ನನ್ನ ಮಾತು ಕೇಳಲು ಕಲಿಯಿತು. ತೊಟ್ಟಿಯ ಮುಂದೆ ಕೂತು ಸುಮ್ಮನೆ ನೋಡುವುದು, ಅಷ್ಟೇ ಕೆಲಸ. ನೋಡುತ್ತಾ ಕೂತವನಿಗೆ ಬೇರೆಯದೂ ಕಾಣತೊಡಗಿತು. ಹುಟ್ಟಿದಾಗಿನಿಂದ ಗದ್ದೆ ಬದುವಿನ ಮೇಲೆ ಓಡಾಡಿದವಳನ್ನು ನಾವು ಅಡುಗೆಮನೆಯಿಂದ ಆಚೆ ಬಿಟ್ಟಿರಲಿಲ್ಲ. ಅಂಗಡಿಯವರ ಮನೆಯ ಸೊಸೆ ಹೊಲಕ್ಕೆ ಹೋದರೆ ಜನ ಏನಂದಾರು ಎಂದು ಅವ್ವ ಹೇಳಿದ್ದಳು, ನಾನು ತಲೆಯಾಡಿಸಿದ್ದೆ. ಅಕ್ಕಿಯ ಊರಿನವಳಿಗೆ ಎರಡು ಹೊತ್ತೂ ಮುದ್ದೆ ಬಡಿಸಿ, ಉಳಿಸಿದರೆ ಮುಖ ಸಿಂಡರಿಸಿದ್ದೆವು. ಸುತ್ತಲೂ ಹೆಬ್ಬೆರಳು ಒತ್ತಿದವರು ನಾವೇ.

ಮೂರನೆಯ ವಾರ ಒಂದು ಬೆಳಿಗ್ಗೆ ಅವ್ವನೇ ಕೂಗಿದಳು. (ತೊಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ ಎಂದಿದ್ದ ಅವ್ವ.) "ಬಾರೋ ಇಲ್ಲಿ. ಇದೇನು ನೋಡು."

ಸತ್ತಂತಿದ್ದ ಬಳ್ಳಿಯ ಗಿಣ್ಣಿನಲ್ಲಿ ಹೆಸರುಕಾಳಿನಷ್ಟು ಹಸಿರು. ನಾಲ್ಕೆಲೆಯಲ್ಲ, ಒಂದೇ ಎಲೆ. ಪುಟ್ಟದು, ನೆಲಕ್ಕಂಟಿದ್ದು. ನೀರಲ್ಲಿ ಹುಟ್ಟಿದ್ದು. ಹುಡುಕಿದರೆ ಅಲ್ಲೊಂದು, ಇಲ್ಲೊಂದು. ಹಾಳಾದ ಕಣ್ಣು, ಮತ್ತೆ ಒದ್ದೆಯಾಯಿತು.

ಅವ್ವ ಬಹಳ ಹೊತ್ತು ಬಗ್ಗಿಯೇ ನಿಂತಿದ್ದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಹೇಳಿದಳು. "ಕೆರೆ ಕೆಳಗಲ ಗದ್ದೇನ ಬೇರೇರಿಗೆ ವಾರಕ್ಕೆ ಕೊಟ್ಟಿದ್ದೀವಲ್ಲ, ಅದನ್ನ ಈ ಸಲ ನಾವೇ ಮಾಡಾನ. ಮಾದೇವನ್ನ ಮಿರ್ಲೆಗೆ ಕಳ್ಸು. ನಾಟಿಗೆ ಆಳು ಸಿಕ್ತಾರೆ, ಮುಂದೆ ನಿಂತು ಆಕ್ಸೋರಿಲ್ಲ, ನೀನೇ ಬರಬೇಕು ಅಂತ ಯೋಳ್ಲಿ."

"ಜನ ಏನಂತಾರೆ ಅವ್ವ?"

"ಅಂದ್ಕೊಳ್ಲಿ. ಅವರೇನು ನಂಗೆ ಸೊಸೆ ತಂದ್ಕೊಡ್ತಾರಾ?"

ಮಹದೇವ ಮಾರನೆಯ ದಿನವೇ ಬಸ್ಸು ಹತ್ತಿದ. ವಾಪಸು ಬಂದಾಗ ಏನಂದಳೋ ಎಂದು ಎಲ್ಲರೂ ಸುತ್ತುವರಿದೆವು. "ಎಲೆ ಎಷ್ಟು ಬಂದವೆ ಅಂತ ಕೇಳಿದ್ಲು. ನಾನು ಎಣ್ಸಿಲ್ಲ ಅಂದೆ. ಎಣ್ಸಾಕೂ ಆಗಲಿಲ್ವಾ ಅಂದ್ಲು," ಎಂದ ಅವನು. ಬರುತ್ತೇನೆ ಎಂದಳೇ, ಇಲ್ಲವೇ? ಅದನ್ನು ಕೇಳಲು ಅವನಿಗೆ ಧೈರ್ಯ ಬಂದಿರಲಿಲ್ಲ. ಇಂಥ ತಮ್ಮನನ್ನು ಇಟ್ಟುಕೊಂಡು ನಾನು ವ್ಯಾಪಾರ ಮಾಡಬೇಕು.

ಶ್ರಾವಣದ ಮೊದಲ ಸೋಮವಾರ, ಕಳೆದ ವಾರ, ಮಧ್ಯಾಹ್ನದ ಬಸ್ಸಿನಲ್ಲಿ ಶಿವಮ್ಮಣ್ಣಿ ಇಳಿದಳು. ಟ್ರಂಕು ಜೊತೆಗೇ ಬಂತು. ಕಾಲು ತೊಳೆದು ಒಳಗೆ ಬಂದವಳು ಸೀದಾ ತೊಟ್ಟಿಯ ಹತ್ತಿರ ಹೋದಳು. ನಾನು ಅಲ್ಲೇ ಕೂತಿದ್ದೆ, ಎದ್ದು ಹೋಗಲು ಸಮಯ ಸಿಗಲಿಲ್ಲ. ಮುಂದಿನ ಸಾಲಿನ ಅರ್ಧ ಭಾಗ ಹಸಿರಾಗಿತ್ತು. ಬಗ್ಗಿ ನೋಡಿದಳು. ನಾವೆಲ್ಲ ಪರೀಕ್ಷೆ ಬರೆದ ಮಕ್ಕಳ ಹಾಗೆ ನಿಂತಿದ್ದೆವು.

ಅವಳು ನನ್ನಾಕೆಯ ಕಡೆ ತಿರುಗಲಿಲ್ಲ. ನನ್ನ ಕಡೆಯೇ ತಿರುಗಿದಳು.

"ಭಾವ, ಯಾರೋ ಮೀನಿಗೆ ಕಡ್ಲೆಪುರಿ ಪುಡಿ ಮಾಡಿ ಜಾಸ್ತಿ ಆಕವ್ರೆ. ಮರಳೆಲ್ಲ ಕರ್ರಗಾಗದೆ. ಇಂಗೆ ಮಾಡಿದ್ರೆ ಗಿಡ ಇರ್ತದಾ?"

ಅವ್ವ ಜಂತೆಯ ಕಡೆ ನೋಡುತ್ತಾ ನಿಂತಳು. ಅವಳ ಸೆರಗಿನ ತುದಿಯಲ್ಲಿ ಪುರಿಯ ಗಂಟು ಕಾಣುತ್ತಿತ್ತು.

"ಇನ್ಮೇಲೆ ಹಾಕಲ್ಲ ಕಣಮ್ಮ," ಎಂದೆ ನಾನು, ಅವ್ವನ ಪರವಾಗಿ. ನಮ್ಮ ಮನೆಯ ಪದ್ಧತಿಯೊಂದು ಅಲ್ಲಿಗೆ ಮುಗಿಯಿತು. ಯಾರಿಗೂ ಬೇಸರವಾಗಲಿಲ್ಲ.

ನಾಳಿದ್ದು ಕೆರೆ ಕೆಳಗಿನ ಗದ್ದೆಯಲ್ಲಿ ನಾಟಿ. ಹದಿನಾರು ಜನ ಹೆಂಗಸರು ಬರುತ್ತಾರಂತೆ. ಅವ್ವ ಈಗಲೇ ಅನ್ನಕ್ಕೆ ಅಕ್ಕಿ ಅಳೆದಿಟ್ಟಿದ್ದಾಳೆ. ನನಗೆ ಬದುವಿನ ಮೇಲೆ ನಿಲ್ಲಲು ಮಾತ್ರ ಅಪ್ಪಣೆಯಾಗಿದೆ, ಹೆಬ್ಬೆರಳಿನ ಕಾರಣಕ್ಕೆ.

ಒಂದು ಮಾತು ಮಾತ್ರ ನನ್ನನ್ನು ಕೊರೆಯುತ್ತಿದೆ. ಮುಂದಿನ ಸಾಲಿನ ಗಿಡ ಬಾಡಿದಾಗಲೆಲ್ಲ ನಾನು ಮಣ್ಣು ಬದಲಾಯಿಸಿದೆ, ನೀರು ಬದಲಾಯಿಸಿದೆ, ಒಮ್ಮೆಯೂ ಗಿಡವನ್ನು ಬೈಯಲಿಲ್ಲ. ಮನೆಗೆ ತಂದ ಹುಡುಗಿ ಬಾಡಿದಾಗ ನಾವೆಲ್ಲ ಹುಡುಗಿಯನ್ನೇ ಯಾಕೆ ಬೈದೆವು?