ಸತುವಿನ ಮಡಿ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಂಶೋಧನೆಗೆ ಸೇರಿದೆ. ಆಗ ನಮ್ಮ ಮನೆ ತಮಿಳು ಸೀಮೆಯ ಪುರಸೈವಾಕ್ಕಂನಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಹಿಂದಿನ ಬೀದಿಯಲ್ಲಿತ್ತು. ಅಪ್ಪ ಅಮ್ಮ ಬೇಗ ಆಫೀಸಿಗೆ ಹೋಗುತ್ತಿದ್ದರು. ನನ್ನನ್ನು ಕಳಿಸಿಕೊಡುತ್ತಿದ್ದವಳು ಅಜ್ಜಿ. ಪೂಜೆ ಮುಗಿಯುವವರೆಗೆ ಅವಳು ಮಡಿಯಲ್ಲಿರುತ್ತಿದ್ದಳು, ಯಾರನ್ನೂ ಮುಟ್ಟುತ್ತಿರಲಿಲ್ಲ. ಮಡಿ ಬಿಟ್ಟ ಮೇಲೆ ಮೊದಲು ಮುಟ್ಟುತ್ತಿದ್ದದ್ದು ನನ್ನ ಕುತ್ತಿಗೆ. ಚಪ್ಪಲಿ ಮೆಟ್ಟಲು ಬಗ್ಗಿದ ಕೂಡಲೇ ಅಲ್ಲಿ ತಣ್ಣಗೆ ಪೌಡರ್ ಬೀಳುತ್ತಿತ್ತು.

"ವೇರ್ಕುರು ಬಂದು ಕೆರ್ಕೊಂಡು ಕೂತರೆ ಯಾರೇ ನೋಡ್ತಾರೆ?" ಬೆವರುಸಾಲೆಗೆ ಅವಳ ಬಾಯಲ್ಲಿ ತಮಿಳಿನ ಹೆಸರೇ ಇತ್ತು.

"ಪೋದುಂ ಅಜ್ಜಿ," ಎಂದು ನಾನೂ ತಮಿಳಿನಲ್ಲಿ ಗೊಣಗುತ್ತಿದ್ದೆ. ಸಾಕು ಎಂದರೆ ಅವಳು ಇನ್ನಷ್ಟು ಉದುರಿಸುತ್ತಿದ್ದಳು.

ನನ್ನ ಕೆಲಸ ರಕ್ತದಲ್ಲಿರುವ ಸತುವಿನ ಬಗ್ಗೆ. ಅದು ಅಲ್ಲಿರುವುದೇ ಅತ್ಯಲ್ಪ, ಅದೂ ಹೆಚ್ಚಾಗಿ ಪ್ರೋಟೀನುಗಳಿಗೆ ಅಂಟಿಕೊಂಡು. ಒಂದು ದೊಡ್ಡ ಪ್ರೋಟೀನು ತನ್ನ ಪಾಲನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಲ್ಬುಮಿನ್ ಸಡಿಲವಾಗಿ ಹಿಡಿದು, ಬೇಕಾದ ಕಡೆ ಬಿಟ್ಟುಕೊಡುತ್ತದೆ. ಯಾವುದರ ಬಳಿ ಎಷ್ಟಿದೆ ಎಂದು ನಾನು ಅಳೆಯಬೇಕಿತ್ತು. ತೊಂದರೆಯೆಂದರೆ, ಹೊರಗಿನಿಂದ ಚೂರು ಸತು ಬಿದ್ದರೂ ಆಲ್ಬುಮಿನ್ ಅದನ್ನು ತನ್ನದೆಂಬಂತೆ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ರಕ್ತಕ್ಕೆ ಮೊದಲು ಬರಿಯ ಶುದ್ಧ ನೀರನ್ನು ಅಳೆದು ನೋಡುತ್ತಿದ್ದೆವು. ಅದರಲ್ಲಿ ಏನೂ ಕಾಣಬಾರದು.

ನನ್ನ ನೀರಿನಲ್ಲಿ ದಿನವೂ ಸತು ಕಾಣುತ್ತಿತ್ತು. ಗಾಜನ್ನೆಲ್ಲ ಆಮ್ಲದಲ್ಲಿ ನೆನೆಹಾಕಿದೆ. ಗಾಜು ಬಿಟ್ಟು ಪ್ಲಾಸ್ಟಿಕ್ ತಂದೆ. ರಬ್ಬರ್ ಬಿರಡೆ ಎಸೆದೆ. ಎರಡು ತಿಂಗಳು ಹೀಗೇ ಕಳೆಯಿತು.

"ನೀರಲ್ಲೇ ಇಷ್ಟು ಬಂದರೆ ರಕ್ತದಲ್ಲಿ ಏನಮ್ಮಾ ಹುಡುಕ್ತೀಯ?" ಎಂದರು ನಮ್ಮ ಪ್ರೊಫೆಸರ್ ಮೇಡಂ. "ತಿಂಗಳ ಕೊನೆವರೆಗೆ ನೋಡೋಣ. ಆಗದಿದ್ದರೆ ಬೇರೆ ವಿಷಯ ತಗೋ." ದನಿಯಲ್ಲಿ ಕೋಪವಿರಲಿಲ್ಲ, ಅದೇ ನನ್ನನ್ನು ಹೆದರಿಸಿತು. ಆ ವಿಷಯವನ್ನು ನಾನೇ ಬೇಡಿ ಪಡೆದಿದ್ದೆ.

ಮನೆಗೆ ತಂದ ನೋಟ್‌ಬುಕ್ಕನ್ನು ಅಂದು ಸಂಜೆ ಮೊದಲಿನಿಂದ ಓದಿದೆ. ನಾಲ್ಕೇ ನಾಲ್ಕು ದಿನ ನೀರು ಶುದ್ಧವಾಗಿತ್ತು, ಹೆಚ್ಚುಕಡಿಮೆ ಹದಿನೈದು ದಿನಕ್ಕೊಮ್ಮೆ. ಆ ದಿನಗಳಲ್ಲಿ ಏನು ಬೇರೆ ಮಾಡಿದ್ದೆ? ತಲೆಯೆತ್ತಿದಾಗ ಗೋಡೆಯ ಕ್ಯಾಲೆಂಡರ್ ಕಾಣಿಸಿತು. ನಾಲ್ಕೂ ಏಕಾದಶಿ.

ಏಕಾದಶಿಯಂದು ಅಜ್ಜಿ ಇಡೀ ದಿನ ಉಪವಾಸ, ಇಡೀ ದಿನ ಮಡಿ. ಅಂದು ನನ್ನ ಕುತ್ತಿಗೆಗೆ ಪೌಡರ್ ಇಲ್ಲ.

ಡಬ್ಬಿಯ ಹಿಂಬದಿ ಓದಿದೆ. ಸತುವಿನ ಆಕ್ಸೈಡ್ ಎಂದು ಬರೆದೇ ಇತ್ತು. ಮರುದಿನ ಶುದ್ಧ ನೀರಿಗೆ ಚಿಟಿಕೆಗಿಂತಲೂ ಕಡಿಮೆ ಪೌಡರ್, ಒಂದು ಹನಿ ಆಮ್ಲ ಹಾಕಿ ಅಳೆದರೆ, ಯಂತ್ರ ಓದಲಾರದಷ್ಟು ಸತು. ನಾನು ನಳಿಕೆಗಳ ಮೇಲೆ ಬಗ್ಗಿದಾಗಲೆಲ್ಲ ಅದೇ ಉದುರುತ್ತಿತ್ತು.

ಮೇಡಂಗೆ ಹೇಳುವುದು ಸುಲಭವಾಯಿತು. ಅವರು ಜೋರಾಗಿ ನಕ್ಕರು. ಅಜ್ಜಿಗೆ ಹೇಳಲು ಎರಡು ದಿನ ಮಾತು ಹುಡುಕಿದೆ. ಆ ಎರಡು ದಿನವೂ ಬಸ್ ಬಂತು ಎಂದು ಪೌಡರಿಗೆ ಸಿಗದೆ ಓಡಿಹೋದೆ.

ಕೊನೆಗೆ ಹೇಳಿದಾಗ ಅವಳು ಹೂಬತ್ತಿ ಹೊಸೆಯುತ್ತಿದ್ದಳು. ಕೈ ನಿಂತಿತು.

"ಎರಡು ತಿಂಗಳಿಂದ ನಿನ್ನ ಕೆಲಸ ಕೆಡಿಸಿದ್ದು ನಾನಾ?"

"ನೀನಲ್ಲ, ಪೌಡರ್."

ಬತ್ತಿಯನ್ನು ತಟ್ಟೆಗೆ ಹಾಕಿದಳು. "ಮಡೀಲಿ ಮಾಡೋ ಕೆಲಸ ಅಂತ ಮೊದಲೇ ಹೇಳಬಾರದೇನೇ, ಕತ್ತೆ? ನಾನು ಮುಟ್ತಾನೇ ಇರಲಿಲ್ಲ."

ಅಂದಿನಿಂದ ನನ್ನ ಬಿಳಿ ಕೋಟು ಅವಳ ಮಡಿಸೀರೆಯ ಪಕ್ಕದಲ್ಲಿ, ಸೂರಿನ ಗಳುವಿನ ಮೇಲೆ ಒಣಗತೊಡಗಿತು. ಬೆಳಿಗ್ಗೆ ಅದನ್ನು ಕೋಲಿನ ತುದಿಯಲ್ಲಿ ನನಗೆ ಇಳಿಸಿಕೊಡುತ್ತಿದ್ದಳು. "ಮೂವತ್ತು ವರ್ಷದಲ್ಲಿ ನನ್ನ ಸೀರೆಗೆ ಅಲ್ಲಿ ಜಾಗ ಸಿಗಲಿಲ್ಲ," ಎಂದು ಅಮ್ಮ ರೇಗಿಸಿದಳು. ನೀರು ಶುದ್ಧವಾಯಿತು, ವಿಷಯ ನನ್ನಲ್ಲೇ ಉಳಿಯಿತು. ನಾನು ಹೊರಡುವಾಗ ಅಜ್ಜಿ ನಾಲ್ಕು ಹೆಜ್ಜೆ ದೂರದಲ್ಲಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು.

ಮುಂದಿನ ಬೇಸಿಗೆಯಲ್ಲಿ ಕೊನೆಯ ಮಾದರಿಯನ್ನೂ ಅಳೆದು ಮುಗಿಸಿದೆ. ಮರುದಿನ ಲೈಬ್ರರಿಗೆ ಹೊರಟವಳು ಚಪ್ಪಲಿ ಮೆಟ್ಟಲು ಬಗ್ಗಿದೆ. ಮೆಟ್ಟಿಯಾದ ಮೇಲೂ ಏಳಲಿಲ್ಲ.

"ಏನೇ, ಸೊಂಟ ಹಿಡ್ಕೊಂಡಿತಾ?"

"ಇವತ್ತಿಂದ ಮಡಿ ಇಲ್ಲ ಅಜ್ಜಿ."

ಬಾಗಿಲ ಹಿಂದಿನ ಗೂಡಿನಲ್ಲಿ ಡಬ್ಬಿಯ ಸದ್ದಾಯಿತು. ಅಷ್ಟು ದಿನವೂ ಅದು ಅಲ್ಲೇ ಇತ್ತು.